ನಿಂತು ತಿನ್ನುವ ಏಟು

ಹೊಡೆಯುವುದು ಓಬಣ್ಣನಿಗೆ ಹೊಸದಲ್ಲ, ಹೊಡೆದಾಗ ರಕ್ತ ಬರುವುದೂ ಹೊಸದಲ್ಲ. ಆದರೆ ನಿನ್ನೆ ಸಂಜೆ ಆ ಒಂದು ಏಟು ಯಾಕೆ ಬಿತ್ತು ಎಂಬುದು ಬೆಳಿಗ್ಗೆ ಹಲ್ಲುಜ್ಜುತ್ತ ಬಚ್ಚಲ ಬಾಗಿಲಲ್ಲಿ ನಿಂತಾಗಲೂ ಅವನಿಗೆ ಬಗೆಹರಿಯಲಿಲ್ಲ. ಅವನ ತಂಡದ ಹುಡುಗಿ ಉಡಚಮ್ಮ ನಾನೂರು ಮೀಟರಿನ ಕೊನೆಯ ತಿರುವಿನಲ್ಲಿದ್ದಳು. ಅವನು ಎಂದಿನಂತೆ ಸೈಕಲ್ಲಿನ ಮೇಲೆ ಅವಳ ಬೆನ್ನಿಗೆ. ಎಡಗೈಯಲ್ಲಿ ಹ್ಯಾಂಡಲ್ಲು, ಬಲಗೈಯಲ್ಲಿ ಹುಣಸೆ ಕೊಂಬೆಯ ಬರಲು. ಆ ತಿರುವಿನಲ್ಲಿ ಎಂಥವರ ಕಾಲೂ ಸೋಲುತ್ತದೆ. ಸೋತ ಕ್ಷಣಕ್ಕೆ ಸರಿಯಾಗಿ ಮೀನಖಂಡದ ಮೇಲೊಂದು ಬಿದ್ದರೆ ಕಾಲಿಗೆ ಮತ್ತೆ ಜೀವ ಬರುತ್ತದೆ. ಇದು ಅವನ ವಿದ್ಯೆ. ಚನ್ನಗಿರಿಯ ಈ ಕಾಲೇಜಿನ ಗಾಜಿನ ಬೀರು ಕಪ್ಪುಗಳಿಂದ ತುಂಬಿದ್ದು ಇದೇ ವಿದ್ಯೆಯಿಂದ. ಆದರೆ ನಿನ್ನೆ ಅವಳ ಕಾಲು ಸೋತಿರಲಿಲ್ಲ. ಅವಳು ಅಷ್ಟು ಚೆನ್ನಾಗಿ ಓಡಿದ್ದನ್ನು ಅವನು ಕಂಡೇ ಇರಲಿಲ್ಲ, ಪೆಡಲು ತುಳಿಯುತ್ತಿದ್ದ ಅವನಿಗೇ ಏದುಸಿರು ಬಂದಿತ್ತು. ಹೊಡೆಯುವ ಜಾಗ ದಾಟಿ ಹೋಗುತ್ತಿದೆ, ಹೊಡೆಯಲು ಕಾರಣವೇ ಇಲ್ಲ ಎಂದು ತಿಳಿಯುತ್ತಿದ್ದಂತೆ ಕೈ ತಾನಾಗಿ ಎದ್ದು ಎಂದಿಗಿಂತ ಜೋರಾಗಿ ಇಳಿದಿತ್ತು. ಚರ್ಮ ಸೀಳಿ ರಕ್ತ ಹಿಮ್ಮಡಿಯ ತನಕ ಹರಿಯಿತು. ಹುಡುಗಿ ತಿರುಗಿ ನೋಡಲಿಲ್ಲ. ಓಟ ಮುಗಿಸಿ, ಅವನ ಮುಂದೆ ಬಂದು, ಏದುತ್ತಲೇ ಎರಡೂ ಅಂಗೈ ಚಾಚಿ ನಿಂತಳು. ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಸಾರ್ ಇಷ್ಟು ಜೋರಾಗಿ ಯಾಕೆ ಹೊಡೆಯುತ್ತಾರೆ ಎಂದುಕೊಂಡಿದ್ದಳೋ ಏನೋ. ಆ ಏಟಿನಲ್ಲಿ ಒಂದು ಸುಖವಿತ್ತು. ಅದು ನೆನಪಾಗಿ ಓಬಣ್ಣ ಬಾಯಿ ಮುಕ್ಕಳಿಸಿ ಎರಡು ಸಲ ಉಗಿದ.

“ರಾತ್ರಿ ಯಾರನ್ನ ಓಡಿಸ್ತಿದ್ರಿ?” ಮಂಡಕ್ಕಿ ಒಗ್ಗರಣೆಯ ತಟ್ಟೆ ಮುಂದಿಡುತ್ತ ಹೆಂಡತಿ ಕಸ್ತೂರಮ್ಮ ಕೇಳಿದಳು. “ನಿದ್ದೆಗಣ್ಣಾಗೆ ಕೈ ಬೀಸಿದ್ರಿ. ನೋಡ್ರಿ, ತೋಳಿಗೆ ಬಿತ್ತು.” ಸೆರಗು ಸರಿಸಿ ಕೆಂಪಗಾದ ಜಾಗ ತೋರಿಸಿದಳು. “ಫೀಲ್ಡಿನಾಗೆ ಸಾಲ್ದು ಅಂತ ಮನೀಗೂ ತಂದ್ರಿ ನೋಡ್ರಿ” ಎಂದು ನಕ್ಕಳು. ಅವಳು ನಗದೆ ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ರೇಗಬಹುದಿತ್ತು. ಇವತ್ತು ಸಂಜೆಯ ಬಸ್ಸಿಗೆ ಹುಡುಗಿಯನ್ನು ಕರೆದುಕೊಂಡು ಮೈಸೂರಿಗೆ ಹೊರಡಬೇಕು, ವಿಶ್ವವಿದ್ಯಾಲಯದ ಕ್ರೀಡಾಕೂಟ. ಅಲ್ಲಿ ಗೆದ್ದರೆ ರೈಲ್ವೆಯವರು ಕರೆದು ಕೆಲಸ ಕೊಡುತ್ತಾರೆ. ಕೆಲಸ ಸಿಕ್ಕರೆ ಉಡಚಮ್ಮ ತನ್ನ ಸೋದರಮಾವನನ್ನು ಕಟ್ಟಿಕೊಳ್ಳುವುದು ತಪ್ಪುತ್ತದೆ. ಇಷ್ಟೂ ಆಗಬೇಕಾದರೆ ಇವತ್ತೊಂದು ದಿನ ಯಾವ ರಗಳೆಯೂ ಇಲ್ಲದೆ ಕಳೆಯಬೇಕು ಎಂದುಕೊಂಡು ಸೈಕಲ್ ಹೊರತೆಗೆದ.

ಪೇಟೆ ಬೀದಿಯಲ್ಲಿ ಗೌಸ್‌ಪೀರನ ಬಳೆ ಅಂಗಡಿ ತೆರೆದಿತ್ತು. ಕಟ್ಟೆಯ ಮೇಲೆ ಅವನ ಮಗಳು ದಿಲ್‌ಶಾದ್ ಕೂತು ಬಳೆಯ ಕಟ್ಟು ಬಿಚ್ಚುತ್ತಿದ್ದಳು. ಇವಳನ್ನು ಕಂಡರೆ ಓಬಣ್ಣ ಪೆಡಲು ಬಿರುಸಾಗಿ ತುಳಿಯುತ್ತಾನೆ. ಎರಡು ವರ್ಷದ ಕೆಳಗೆ ಗುಂಡು ಎಸೆಯುತ್ತಿದ್ದಳು, ಎಂಥ ಭುಜ, ಎಂಥ ತಿರುವು! ಆದರೆ ಅವನ ತಂಡಕ್ಕೊಂದು ಕಟ್ಟಳೆಯಿತ್ತು. ಹಿಂದೆ ಬಿದ್ದವರು ಸಂಜೆ ಸಾಲಾಗಿ ನಿಲ್ಲಬೇಕು, ಕೈ ಚಾಚಬೇಕು, ಕಣ್ಣು ಎದುರಿನ ಗೋಡೆಯ ಮೇಲಿರಬೇಕು. ಕದಲಿದರೆ ಎರಡು, ಕೈ ಹಿಂತೆಗೆದರೆ ನಾಲ್ಕು, ಓಡಿದರೆ ತಂಡದಿಂದಲೇ ಹೊರಗೆ. ದಿಲ್‌ಶಾದ್ ಕೈಯನ್ನೇನೋ ಚಾಚಿದಳು. ಬರಲು ಅಂಗೈಗೆ ಬಿದ್ದ ತಕ್ಷಣ ಮುಷ್ಟಿ ಬಿಗಿದು ಅದನ್ನು ಹಿಡಿದಳು, ಎಳೆದುಕೊಂಡಳು, ಮೊಣಕಾಲಿಗೆ ಕೊಟ್ಟು ಮುರಿದಳು. “ನಮ್ಮಪ್ಪ ನನ್ನನ್ನ ಗುಂಡು ಎಸೆಯಾಕೆ ಕಳಿಸ್ಯಾನೆ ಸಾರ್, ಏಟು ತಿನ್ನಾಕಲ್ಲ” ಎಂದಳು. ಗಯ್ಯಾಳಿ, ನಿನ್ನಂಥವಳು ಯಾವ ಮನೆಯಲ್ಲೂ ಬಾಳುವುದಿಲ್ಲ ಎಂದು ಎಲ್ಲರ ಮುಂದೆ ಕೂಗಾಡಿ ಅವಳನ್ನು ಅಟ್ಟಿದ್ದ. ಸಾಲಿನಲ್ಲಿದ್ದ ಉಡಚಮ್ಮ ಆಗ ಹೊಸಬಳು. ಗೋಡೆಯ ಮೇಲಿಟ್ಟ ಕಣ್ಣನ್ನು ಅವಳು ಈ ಗಲಾಟೆಯಲ್ಲೂ ಕೀಳಲಿಲ್ಲ; ಅವತ್ತೇ ಅವಳು ಅವನಿಗೆ ಮೆಚ್ಚುಗೆಯಾದದ್ದು. “ನಮಸ್ಕಾರ ಸಾರ್” ಎಂದಳು ದಿಲ್‌ಶಾದ್, ನೇರವಾಗಿ ಕಣ್ಣಿಟ್ಟು. “ಇವತ್ತೇ ಹೊರಡ್ತೀರಂತಲ್ಲ. ಉಡಚಿ ಗೆಲ್ತಾಳೆ ಬಿಡ್ರಿ.” ಅವನು ತಲೆಯಾಡಿಸಿದ್ದು ಅವಳಿಗೆ ಕಂಡಿತೋ ಇಲ್ಲವೋ. ಬೆನ್ನ ಮೇಲೆ ಅವಳ ನೋಟ ಕೂತಂತಾಗಿ ಬೀದಿಯ ತುದಿಯವರೆಗೂ ಬೆನ್ನು ತುರಿಸಿತು.

ತಾನೇನು ಕಟುಕನೇ? ಜಗಳೂರಿನ ಹಾಸ್ಟೆಲಿನಲ್ಲಿ ಅವನನ್ನು ಓಡಿಸಿದ ಮೇಷ್ಟ್ರು ಬೆಲ್ಟಿನಲ್ಲಿ ಹೊಡೆಯುತ್ತಿದ್ದರು. ಆ ಕೆಂಪು ನೆಲದಲ್ಲಿ ಬರಿಗಾಲಲ್ಲಿ ಓಡಿ ಓಡಿ ಜಿಲ್ಲೆಯ ತನಕ ಹೋದ, ಎಲ್ಲ ಕಡೆಯೂ ಎರಡನೆಯವನಾದ. ಇನ್ನೊಂದು ಏಟು ಬಿದ್ದಿದ್ದರೆ ಗೆದ್ದೇ ಗೆಲ್ಲುತ್ತಿದ್ದೆ ಎಂದು ಅವನು ಈಗಲೂ ನಂಬಿದ್ದಾನೆ, ಪಾಪ. ಎಪ್ಪತ್ತೊಂದನೇ ಇಸವಿಯಲ್ಲಿ ಹೊನ್ನಾಳಿಯ ಹೈಸ್ಕೂಲಿನಲ್ಲಿ ಹುಡುಗರಿಗೆ ಕಲಿಸಲು ಹೋದಾಗ ಹುಡುಗರು ಏಟಿಗೆ ಬಗ್ಗಲಿಲ್ಲ; ಒಬ್ಬ ಹೊಳೆ ದಂಡೆಯಲ್ಲಿ ಕಾದಿದ್ದು ಅವನ ಮುಖಕ್ಕೇ ಗುದ್ದಿದ. ಬಾಯಲ್ಲಿ ರಕ್ತ ತುಂಬಿಕೊಂಡು ಮರಳಿನಲ್ಲಿ ಬಿದ್ದಾಗ ಅವನ ಕೈ ಎದ್ದಿರಲಿಲ್ಲ. ಆಮೇಲೆ ಇಲ್ಲಿಗೆ ಬಂದ, ಯಾರಿಗೂ ಬೇಡವಾಗಿದ್ದ ಹೆಣ್ಣುಮಕ್ಕಳ ತಂಡ ಅವನ ಪಾಲಿಗೆ ಬಂತು. ಲಂಗ ಎತ್ತಿ ಕಟ್ಟಿ ಓಡುತ್ತಿದ್ದವರಿಗೆ ಚಡ್ಡಿ ಹಾಕಿಸಲು ಮನೆಮನೆಗೆ ಹೋಗಿ ಬೈಸಿಕೊಂಡ. ಸ್ಟಾಫ್ ರೂಮಿನಲ್ಲಿ ‘ಹೆಣ್ಣುಮಕ್ಕಳ ಓಬಣ್ಣ’ ಎಂದು ನಕ್ಕರು. ಭಾನುವಾರ ಸೂಳೆಕೆರೆಗೆ ಕರೆದೊಯ್ದು ಏರಿಯ ಇಳಿಜಾರಿನಲ್ಲಿ ಹತ್ತಿಸಿ ಇಳಿಸಿದ; ಮೀನು ಹಿಡಿಯುವವರು ಬಲೆ ಬಿಟ್ಟು ನೋಡುತ್ತ ನಿಲ್ಲುತ್ತಿದ್ದರು. ಈ ಹುಡುಗಿಯರು ಏಟು ಬಿದ್ದರೆ ಇನ್ನೂ ಜೋರಾಗಿ ಓಡುತ್ತಿದ್ದರು, ಬಿಟ್ಟು ಹೋಗುತ್ತಿರಲಿಲ್ಲ. ಇದನ್ನು ಅವನು ತನ್ನ ವಿದ್ಯೆ ಎಂದುಕೊಂಡ. ಅವರು ತನ್ನ ಹತ್ತಿರ ಬರುವ ಮೊದಲೇ ಯಾರ ಯಾರದೋ ಕೈಯಲ್ಲಿ ಪಳಗಿ ಬಂದವರು ಎಂಬುದು ಎಂದಾದರೊಮ್ಮೆ ಹೊಳೆದರೂ ಆ ಯೋಚನೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದ.

ಅಲ್ಲದೆ ಅವನಾಗಿ ಹೊಡೆದದ್ದೂ ಅಲ್ಲ. ಅಪ್ಪಂದಿರೇ ಕೊಟ್ಟ ಅಧಿಕಾರ ಅದು. ಉಡಚಮ್ಮನ ಅಪ್ಪ ಉಚ್ಚಂಗೆಪ್ಪ ಗೋವಿನಕೋವಿಯಿಂದ ಮಗಳನ್ನು ಮೊದಲ ಸಲ ಕರೆತಂದಾಗ, ಅವರ ಕಡೆಯ ಪದ್ಧತಿಯಂತೆ ಎಲೆ ಅಡಿಕೆಯ ಜೊತೆಗೆ ತನ್ನ ಕೈಯಾರೆ ಸಿಪ್ಪೆ ಸುಲಿದ ಹುಣಸೆ ಬರಲನ್ನೂ ತಂದು ಓಬಣ್ಣನ ಕೈಗಿಟ್ಟಿದ್ದ. “ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾರ್. ಇನ್ಮ್ಯಾಲೆ ಇವಳು ನಿಮ್ಮವಳು.” ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಅದೇ ಉಚ್ಚಂಗೆಪ್ಪ ಹೋದ ವಾರ ಮತ್ತೆ ಬಂದ. ಕೈಯಲ್ಲಿ ಏನೂ ಇರಲಿಲ್ಲ, ಕೂರಲೂ ಇಲ್ಲ. “ಸಾರ್, ತಪ್ಪು ತಿಳೀಬ್ಯಾಡ್ರಿ. ಇನ್ನ ಅವಳನ್ನ ಹೊಡೀಬ್ಯಾಡ್ರಿ. ನಮ್ಮ ಜಂಪಣ್ಣ ಲಗ್ನ ಮಾಡ್ಕೊಡ್ರಿ ಅಂತ ಪಟ್ಟು ಹಿಡಿದಾನೆ.” ಜಂಪಣ್ಣ ಎಂದರೆ ಉಡಚಮ್ಮನ ತಾಯಿಯ ತಮ್ಮ, ಸವಳಂಗದವನು. ಅಕ್ಕನಿಗೆ ಹೆಣ್ಣು ಹುಟ್ಟಿದ ದಿನವೇ ತೊಟ್ಟಿಲ ಹಗ್ಗ ಹಿಡಿದು ಇವಳು ನನ್ನವಳು ಎಂದವನು. ನ್ಯಾಮತಿಯ ಸಂತೆಯಲ್ಲಿ ಮೊದಲ ಹೆಂಡತಿಯನ್ನು ಜುಟ್ಟು ಹಿಡಿದು ಎಳೆದಾಡಿದ್ದನ್ನು ಊರೆಲ್ಲ ಕಂಡಿತ್ತು. ಅವಳು ತವರಿಗೆ ಹೋದವಳು ಅಲ್ಲೇ ಸತ್ತಳು. ಅದನ್ನು ಉಚ್ಚಂಗೆಪ್ಪನೇ ತಗ್ಗಿದ ದನಿಯಲ್ಲಿ ಹೇಳಿದ. “ಕೊಡಾಕೆ ನನಗೂ ಮನಸಿಲ್ಲ ಸಾರ್. ಅದಕ್ಕೆ ಮೈಸೂರಿಗೆ ಹೋಗಿ ಬರಲಿ, ಆಮ್ಯಾಲೆ ನೋಡಾನ ಅಂತ ಕೈಕಾಲು ಹಿಡಿದು ಒಪ್ಪಿಸೀನಿ. ಆದ್ರೆ ಒಂದು ಬರೆ ಅವನ ಕಣ್ಣಿಗೆ ಬಿತ್ತು ಅಂದ್ರೆ ಮುಗೀತು. ನನ್ನವಳ ಮೈ ಮುಟ್ಟಾಕೆ ಅವನ್ಯಾರು ಅಂತಾನೆ.” ಓಬಣ್ಣ ಮಾತು ಕೊಟ್ಟಿದ್ದ. ಎದೆ ಮುಟ್ಟಿಕೊಂಡೇ ಕೊಟ್ಟಿದ್ದ. ಇನ್ನು ಹೊಡೆಯುವ ಹಾಗಿಲ್ಲ ಎಂದಾದ ಮೇಲೆ ಅವನ ಬಲಗೈ ಒಂದು ವಾರ ಮೈಗೆ ಸೇರದ ಹಾಗೆ ಜೋತಾಡಿತು. ನಿನ್ನೆ ಆ ತಿರುವಿನಲ್ಲಿ ಅವಳು ಅವನ ಏಟಿಲ್ಲದೆಯೇ ಹಾರಿ ಹೋಗುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ. ಸತ್ಯ ಅಷ್ಟೇ. ಅವಳಿಗೆ ಅವನು ಬೇಕಾಗಿರಲಿಲ್ಲ.

ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿ, ಕಪ್ಪಿಗೆ ಬೀರುವಿನಲ್ಲಿ ಜಾಗ ಬಿಡಿಸಿಟ್ಟಿದ್ದೇನೆ ಎಂದು ತಮಾಷೆ ಮಾಡಿದರು. ಓಬಣ್ಣ ಹಲ್ಲು ಕಿರಿದು ಹೊರಗೆ ಬಂದ. ಸಂಜೆ ಬಯಲಿಗೆ ಹೋದಾಗ ಉಡಚಮ್ಮ ಒಬ್ಬಳೇ ಬೇವಿನ ಮರದ ಕೆಳಗೆ ಬ್ಯಾಗಿಟ್ಟುಕೊಂಡು ಕೂತಿದ್ದಳು. ಚಡ್ಡಿಯ ಮೇಲೆ ಲಂಗ ಸುತ್ತಿಕೊಂಡಿದ್ದಳು. ಮೈ ಸಡಿಲಿಸಲು ಎರಡು ಸುತ್ತು ಓಡಿ ಬಸ್ ಸ್ಟ್ಯಾಂಡಿಗೆ ಹೊರಡುವುದು ಎಂದಿತ್ತು. ಕ್ಷಮಿಸು ಎನ್ನಬೇಕು. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದ. “ಗಾಯ ಹೆಂಗೈತೆ?” ಎಂದಷ್ಟೇ ಕೇಳಲು ಆಯಿತು.

“ಏನಿಲ್ಲ ಸಾರ್. ಅರಿಶಿಣ ಹಚ್ಚೀನಿ.” ಲಂಗ ಬಿಚ್ಚಿಟ್ಟು ಎದ್ದಳು. ಕಾಲಿನ ಹಿಂಭಾಗದಲ್ಲಿ ಗೇಣುದ್ದದ ಸೀಳು, ಸುತ್ತ ಹಳದಿ, ಅಂಚಿನಲ್ಲಿ ಊತ. “ನಿನ್ನೆ ಎಲ್ಲಿ ತಪ್ಪಿದೆ ಸಾರ್? ಮೈಸೂರಿನಾಗೆ ತಪ್ಪಬಾರ್ದು, ಹೇಳ್ರಿ.”

ತಪ್ಪಿದ್ದು ನೀನಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತ, ಕ್ಯಾರಿಯರಿಗೆ ಸಿಕ್ಕಿಸಿದ್ದ ಬರಲನ್ನು ಮತ್ತೆ ಮತ್ತೆ ಸರಿಪಡಿಸುತ್ತ ನಿಂತ. “ತೋಳು ಬಿಗಿ ಹಿಡೀತೀಯ” ಎಂದ. ಸುಳ್ಳು. “ಹೂಂ ಸಾರ್” ಎಂದು ಅವಳು ತೋಳು ಝಾಡಿಸಿ ಸಡಿಲ ಮಾಡಿಕೊಂಡಳು. ಗೆದ್ದರೆ ಖಂಡಿತ ಕೆಲಸ ಕೊಡುತ್ತಾರಾ, ಕೆಲಸ ಕೊಟ್ಟರೆ ಅಲ್ಲೇ ಇರಬಹುದಾ, ಮಾವ ಅಲ್ಲಿಗೂ ಬರಬಹುದಾ ಎಂದೆಲ್ಲ ಕೇಳಿದಳು. ಇಷ್ಟು ಮಾತಾಡಿದ್ದು ಇದೇ ಮೊದಲು. ಅವಳ ಮುಖ ಅರಳಿತ್ತು. ಗೆಲ್ಲಿಸುತ್ತೇನೆ, ಏನಾದರೂ ಮಾಡಿ ಗೆಲ್ಲಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವ ಹೊತ್ತಿಗೆ ಗೇಟಿನಲ್ಲಿ ಮೋಟರ್‌ಸೈಕಲ್ ಸದ್ದಾಯಿತು.

ಜಂಪಣ್ಣ ಜಗಳಕ್ಕೆ ಬಂದಿರಲಿಲ್ಲ. ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದ, ಹ್ಯಾಂಡಲ್ಲಿಗೆ ಬಟ್ಟೆಯ ಚೀಲ ತೂಗಿತ್ತು. “ಅಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಾಳೆ. ದಾರೀಗೆ ಬೇಕಲ್ಲ” ಎಂದ. ಓಬಣ್ಣನಿಗೆ ಕೈ ಮುಗಿದು, “ನಮ್ಮುಡುಗಿನ ಜ್ವಾಪಾನ ಮಾಡ್ರಿ ಸಾರ್” ಎಂದೂ ಹೇಳಿದ. ಉಡಚಮ್ಮ ಲಂಗಕ್ಕಾಗಿ ಮರದ ಕಡೆಗೆ ಹೊರಟಳು. ಹೊರಟದ್ದೇ ತಪ್ಪಾಯಿತು, ಬೆನ್ನು ಅವನ ಕಡೆಗೆ ತಿರುಗಿತು.

“ನಿಲ್ಲೇ. ಕಾಲಿಗೇನದು?”

“ಬಿದ್ದೆ ಮಾವ.”

“ಬಿದ್ರೆ ಹಿಂಗೆ ಗೆರೆ ಎಳೆದಂಗೆ ಆಗ್ತೈತಾ?” ಚೀಲ ಕೆಳಗಿಟ್ಟು ಕೆನ್ನೆಗೆ ಹೊಡೆದ. ಅವಳ ತಲೆ ಪಕ್ಕಕ್ಕೆ ತಿರುಗಿ ಮತ್ತೆ ತನ್ನ ಜಾಗಕ್ಕೆ ಬಂತು. “ಯಾರು ಹೊಡೆದದ್ದು?” ಅವಳು ನೆಲ ನೋಡಿದಳು. ಇನ್ನೊಂದು ಬಿತ್ತು. ತುಟಿ ಒಡೆಯಿತು. ಓಬಣ್ಣ ಪಕ್ಕದಲ್ಲೇ ನಿಂತಿದ್ದ. ಮೂರನೆಯದು ಬಿದ್ದ ಮೇಲೆ ಅವನಿಗೆ ಮಾತು ಬಂತು, ಅಷ್ಟು ಹೊತ್ತು ಬೇಕಾಯಿತು.

“ನಾನು, ಜಂಪಣ್ಣನೋರೆ. ನಾನೇ ಹೊಡೆದದ್ದು. ಅವಳನ್ನ ಬಿಡ್ರಿ.”

ಈಗ ಗುದ್ದುತ್ತಾನೆ ಎಂದು ಓಬಣ್ಣ ಮುಖ ಗಟ್ಟಿ ಮಾಡಿಕೊಂಡ. ಗುದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಂಪಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮನ್ನ ಮುಟ್ಟಲ್ಲ ಸಾರ್. ವಿದ್ಯೆ ಕಲಿಸಿದೋರು.” ಸೈಕಲ್ಲಿನ ಕ್ಯಾರಿಯರಿನಿಂದ ಬರಲನ್ನು ಎಳೆದುಕೊಂಡು ಬಗ್ಗಿಸಿ ನೋಡಿದ. “ನೀವು ಏಟು ಕೊಟ್ರೆ ಗುಟ್ಟಾಗಿ ಇಟ್ಕೋತಾಳೆ. ನನಗೆ ಸುಳ್ಳು ಹೇಳ್ತಾಳೆ. ಇವಳು ಯಾರವಳು ಅಂತ ಇವತ್ತು ತೀರ್ಮಾನ ಆಗಲಿ. ಮೈಸೂರೂ ಬ್ಯಾಡ, ಏನೂ ಬ್ಯಾಡ.”

“ಹೆಣ್ಣುಮಗಳ ಮೇಲೆ ಕೈ ಮಾಡ್ತೀರಲ್ರೀ!” ಎಂದು ಕೂಗಿದ ಓಬಣ್ಣ. ಆ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ಅವನಿಗೇ ನಾಚಿಕೆಯಾಯಿತು. ಜಂಪಣ್ಣ ನಕ್ಕೇಬಿಟ್ಟ.

ಮೊದಲ ಏಟಿಗೆ ಉಡಚಮ್ಮ ನಡುಗಿದಳು, ಅಷ್ಟೇ. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ಕಣ್ಣು ಕಾಲೇಜಿನ ಗೋಡೆಯ ಮೇಲೆ ನಿಂತಿತು. ಜಂಪಣ್ಣ ಅಂಗೈ ಬಿಟ್ಟು ತೋಳಿಗೆ, ಬೆನ್ನಿಗೆ, ತೊಡೆಗೆ ಬಾರಿಸಿದ, ಅವಳು ಕದಲಲಿಲ್ಲ. ಜಿಲ್ಲೆಯಲ್ಲೇ ಇವಳನ್ನು ಹಿಡಿಯುವ ಕಾಲು ಇನ್ನೊಂದಿಲ್ಲ. ಎದುರಿಗಿರುವವನೋ ಹೊಟ್ಟೆ ಬಂದವನು, ಚಪ್ಪಲಿ ಹಾಕಿದವನು. ಗೇಟು ತೆರೆದಿದೆ, ಗೇಟಿನಾಚೆ ರಸ್ತೆ, ರಸ್ತೆಯಲ್ಲಿ ಜನ, ಪೇಟೆ, ಬಸ್ಸು. ಎರಡು ಉಸಿರಿನಲ್ಲಿ ಅವಳು ಅಲ್ಲಿರಬಹುದು. “ಓಡೇ ಉಡಚಿ! ಓಡೇ!” ಓಬಣ್ಣನ ದನಿ ಒಡೆಯಿತು. ಅವಳಿಗೆ ಕೇಳಿಸಿತು, ಕಿವಿ ನಿಮಿರಿದ್ದು ಕಂಡಿತು. ಆದರೂ ನಿಂತೇ ಇದ್ದಳು. ಓಡಿದರೆ ತಂಡದಿಂದ ಹೊರಗೆ. ಅದನ್ನು ಅವಳ ಮೂಳೆಗೆ ಇಳಿಸಿದವನು ತಾನು. ಅವನು ನಡುವೆ ನುಗ್ಗಿದ. ಜಂಪಣ್ಣ ಮೊಣಕೈಯಿಂದ ತಳ್ಳಿದ ರಭಸಕ್ಕೆ ಸೈಕಲ್ಲಿನ ಮೇಲೆ ಬಿದ್ದ, ಪೆಡಲು ಪಕ್ಕೆಗೆ ಚುಚ್ಚಿತು. ಏಳುವಾಗ ಎತ್ತರ ಜಿಗಿತದ ಬಿದಿರು ಗಳ ಕೈಗೆ ಸಿಕ್ಕಿತು.

ಗಳ ಎತ್ತಿದ. ಜಂಪಣ್ಣನ ತಲೆ ಮೂರು ಅಡಿ ದೂರದಲ್ಲಿತ್ತು, ಬೆವರಿದ ಕತ್ತು, ಬಿಳಿ ಕಾಲರು. ಜಂಪಣ್ಣ ತಿರುಗಿ ನೋಡಿದ. ಓಬಣ್ಣನ ಬಾಯಿಗೆ ಹೊನ್ನಾಳಿಯ ಹೊಳೆ ದಂಡೆಯ ಮರಳು ಬಂತು, ರಕ್ತದ ಉಪ್ಪು ಬಂತು. ಗಂಡಸಿನ ಮೇಲೆ ಆ ಕೈ ಅಂದೂ ಎದ್ದಿರಲಿಲ್ಲ, ಇಂದು ಎದ್ದದ್ದು ಇಳಿಯಲಿಲ್ಲ. ಅವಳನ್ನು ಇಲ್ಲಿಂದ ಓಡಿಸಬೇಕು, ಹೇಗಾದರೂ ಓಡಿಸಬೇಕು. ಓಡಿಸಲು ಅವನಿಗೆ ತಿಳಿದಿದ್ದ ದಾರಿ ಒಂದೇ. ಅವನು ಗಳವನ್ನು ತಿರುಗಿಸಿ, ಬಲವೆಲ್ಲ ಹಾಕಿ, ಅವಳ ಮೀನಖಂಡಕ್ಕೆ ಬೀಸಿದ. ನಿನ್ನೆಯ ಗಾಯ ಬಾಯಿ ಬಿಟ್ಟಿತು.

ಉಡಚಮ್ಮ ಓಡಿದಳು.

ಎಂಥ ಓಟ ಅದು! ತೋಳು ಸಡಿಲ, ತಲೆ ನೆಟ್ಟಗೆ, ಗಾಯದ ಕಾಲು ಕೂಡ ನೆಲ ಮುಟ್ಟಿತೋ ಇಲ್ಲವೋ ಎಂಬಂತೆ. ಜಂಪಣ್ಣ ಬೆನ್ನಟ್ಟಲು ಎರಡು ಹೆಜ್ಜೆ ಹಾಕಿ ಸೋತು ನಿಂತ. ಓಬಣ್ಣನ ಕಣ್ಣಲ್ಲಿ ನೀರು ಬಂತು. ಹೋಗು ತಾಯಿ, ಗೇಟು ದಾಟು, ದಿಲ್‌ಶಾದಳ ಅಂಗಡಿಗೆ ಹೋಗು, ಯಾವ ಬಸ್ಸಾದರೂ ಹತ್ತು, ತಿರುಗಿ ನೋಡಬೇಡ. ಗೇಟು ಬಂತು. ಅವಳು ಅದರ ಪಕ್ಕದಲ್ಲೇ, ಟ್ರ್ಯಾಕಿನ ಸುಣ್ಣದ ಗೆರೆ ತುಳಿಯದೆ, ಎಡಕ್ಕೆ ವಾಲಿ ತಿರುವು ತೆಗೆದುಕೊಂಡಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಹಿಂಬದಿಯ ನೇರದಲ್ಲಿ ಬೇಲಿಗುಂಟ ಹೋದಳು, ಆಚೆ ತುದಿಯಲ್ಲಿ ಸಣ್ಣವಳಾಗಿ ಕಂಡಳು, ಕೊನೆಯ ತಿರುವಿಗೆ ಬಂದಳು. ಅಲ್ಲಿ ಅವಳ ಕಾಲು ಸೋಲಲಿ, ಬೀಳಲಿ ಎಂದು ಬೇಡಿಕೊಂಡ. ಸೋಲಲಿಲ್ಲ. ಯಾರೂ ಹಿಂದಿಲ್ಲದಿದ್ದರೂ ಆ ಜಾಗದಲ್ಲಿ ಒಮ್ಮೆ ಮೈ ಬಿಗಿದು, ಬೀಳದ ಏಟಿಗೇ ಇನ್ನಷ್ಟು ಜೋರಾದಳು. ಇಬ್ಬರೂ ನಿಂತಿದ್ದ ಜಾಗಕ್ಕೆ ಎದೆ ಮುಂದೆ ಚಾಚಿ ಬಂದು ಗೆರೆ ದಾಟಿದಳು.

ಹಿಮ್ಮಡಿಯಿಂದ ಹರಿದ ರಕ್ತ ಮಣ್ಣಿಗೆ ಇಳಿಯುತ್ತಿತ್ತು. ಅವಳು ಉಸಿರು ಹಿಡಿದುಕೊಂಡು, ಒಡೆದ ತುಟಿಯನ್ನು ಭುಜಕ್ಕೆ ಒರೆಸಿಕೊಂಡು, ಓಬಣ್ಣನ ಮುಂದೆ ನಿಂತಳು.

“ಇನ್ನೊಂದು ಸುತ್ತು ಹಾಕ್ಲಾ ಸಾರ್?”

ಅವನು ಏನು ಹೇಳುತ್ತಾನೆಂದು ಜಂಪಣ್ಣನೂ ಬರಲು ಹಿಡಿದು ಕಾಯುತ್ತಿದ್ದ.